ಎರಡು ಸೀಟಿ

ಮೊದಲು ಹೋದದ್ದು ಗಂಟಲು.
ಮಾರ್ಕೆಟ್ ಸ್ಟಾಪಿನ ಗದ್ದಲದ ಮೇಲೆ ಹಾರಿ
ಹಿಂದಿನ ಬಾಗಿಲ ಮೆಟ್ಟಿಲವರೆಗೂ ಮುಟ್ಟುತ್ತಿದ್ದ
ನನ್ನ 'ಟಿಕೆಟ್ ಟಿಕೆಟ್ ಟಿಕೆಟ್'
ಒಂದು ಶ್ರಾವಣದಲ್ಲಿ ಒದ್ದೆ ಗೋಣಿಯಾಯಿತು.
"ಯಾಕವ್ವಾ, ಧ್ವನಿ ಡಿಪೋದಾಗ ಬಿಟ್ಟು ಬಂದೀಯೇನು?"
ಸ್ಟೇರಿಂಗಿನ ಹಿಂದೆ ಮೈಲಾರಪ್ಪ ನಗುತ್ತಿದ್ದ.
ನಾನೂ ನಗುತ್ತಿದ್ದೆ,
ಒಂದು ಸ್ಟಾಪು ತಡವಾಗಿ.

ಆಮೇಲೆ ಚಿಲ್ಲರೆ.
ಇಪ್ಪತ್ತರಲ್ಲಿ ಹದಿನೈದು ಕಳೆದರೆ ಎಷ್ಟು ಎಂದು
ಬೆರಳು ಮಡಚುವ ಹೊತ್ತಿಗೆ
ಹುಡುಗ ಇಳಿದೇ ಹೋಗಿರುತ್ತಿದ್ದ.
ಬಾಚಣಿಗೆ ತುಂಬ ಕೂದಲು, ಹಿಮ್ಮಡಿಯಲ್ಲಿ ಬಿರುಕು.
ಏಪ್ರಿಲ್ ಮಧ್ಯಾಹ್ನ, ಬಸ್ಸಿನ ತಗಡು ಹೆಂಚಾಗಿ ಕಾದಾಗ
ಖಾಕಿಯೊಳಗೆ ಸ್ವೆಟರ್ ತೊಟ್ಟ ಕಂಡಕ್ಟರನ್ನು
ಜನ ತಿರುಗಿ ನೋಡುತ್ತಿದ್ದರು.

ಕತ್ರಿಗುಪ್ಪೆಯ ಲ್ಯಾಬಿನಲ್ಲಿ ರಕ್ತ ಕೊಟ್ಟೆ.
ಸಂಜೆ ಕೈಗೆ ಬಂದ ಹಾಳೆಯಲ್ಲಿ
ಟಿಎಸ್‌ಎಚ್ ನಲವತ್ತೆಂಟು ಪಾಯಿಂಟ್ ಆರು,
ದಪ್ಪಕ್ಷರ, ಪಕ್ಕದಲ್ಲೊಂದು ಮೇಲ್ಮುಖ ಬಾಣ.
ಇರಬೇಕಾದದ್ದು ನಾಲ್ಕೂ ಚಿಲ್ಲರೆ.
ಹನ್ನೊಂದು ವರ್ಷ ಸ್ಟೇಜು, ದರ, ಕಲೆಕ್ಷನ್ ಕೂಡಿಸಿದವಳು;
ನಲವತ್ತೆಂಟು ಅಂದರೆ ಜಾಸ್ತಿ,
ಜಾಸ್ತಿ ಅಂದರೆ ಥೈರಾಯ್ಡು ಉಕ್ಕುತ್ತಿದೆ ಅಂದುಕೊಂಡೆ.
ಹಾಗಿದ್ದರೆ ಈ ಮೈ ಯಾಕೆ ಕೆಟ್ಟು ನಿಂತ ಗಾಡಿ?

ಡಾಕ್ಟರ್ ತಸ್ನೀಮ್ ಹಾಳೆಯನ್ನು ನನ್ನ ಕಡೆ ತಿರುಗಿಸಿದರು.
"ಎರಡು ಸೀಟಿ ಊದಿದರೆ ಗಾಡಿ ಹೊರಡಬೇಕು, ಅಲ್ವಾ?
ಹೊರಡದಿದ್ದರೆ?"
ಇನ್ನೂ ಜೋರಾಗಿ ಊದುತ್ತೇನೆ.
"ಹಾಗೇ. ತಲೆಯೊಳಗೆ ಕೂತವನೊಬ್ಬ ಊದುತ್ತಿದ್ದಾನೆ.
ಈ ನಲವತ್ತೆಂಟು ಗಾಡಿಯ ವೇಗವಲ್ಲ, ಸೀಟಿಯ ಸದ್ದು.
ಗಾಡಿ ಇಲ್ಲಿದೆ ನೋಡಿ, ಕೆಳಗಿನ ಸಾಲು:
ಫ್ರೀ ಟಿ ಫೋರ್, ಸೊನ್ನೆ ಪಾಯಿಂಟ್ ನಾಲ್ಕು."
ಫ್ರೀ ಎಂದರೆ ನನಗೆ ಗೊತ್ತಿದ್ದದ್ದು
ಹೆಂಗಸರ ಸೊನ್ನೆ ರೂಪಾಯಿ ಟಿಕೆಟ್ಟೊಂದೇ.
ಕೊನೆಯಲ್ಲಿ ಇನ್ನೊಂದು, ಆ್ಯಂಟಿ ಟಿಪಿಒ, ಆರುನೂರ ಹನ್ನೆರಡು:
ನನ್ನದೇ ರಕ್ತದ ಚೆಕಿಂಗ್ ಸ್ಕ್ವಾಡು
ಪಾಸಿದ್ದವಳನ್ನೇ ಪಾಸಿಲ್ಲವೆಂದು
ಕತ್ತು ಹಿಡಿದು ಇಳಿಸುತ್ತಿತ್ತಂತೆ, ಎಷ್ಟೋ ವರ್ಷದಿಂದ.

ಈಗ ಮೂರೂ ಮುಕ್ಕಾಲಿಗೆ ಅಲಾರಂ.
ಜೋಳದ ಕಾಳಿನಷ್ಟು ಬಿಳಿ ಗುಳಿಗೆ, ಒಂದು ಲೋಟ ನೀರು.
ಆಮೇಲೆ ಮುಕ್ಕಾಲು ಗಂಟೆ ಕಾಫಿ ಮುಟ್ಟುವ ಹಾಗಿಲ್ಲ.
ಕ್ಯಾಲ್ಸಿಯಂ ಮಾತ್ರೆಯನ್ನು ರಾತ್ರಿಗೆ ತಳ್ಳಿದ್ದೇನೆ,
ಎರಡೂ ಒಂದೇ ಸೀಟಿನ ಮೇಲೆ ಕರ್ಚೀಫು ಹಾಕುತ್ತವಂತೆ.
ಡಿಪೋ ಕ್ಯಾಂಟೀನಿನ ಮುಂದೆ ಡಿಕಾಕ್ಷನ್ ಘಮ ಕುಡಿಯುತ್ತಾ
ಗಡಿಯಾರ ನೋಡಿಕೊಂಡು ನಿಲ್ಲುತ್ತೇನೆ.

ಆರು ವಾರಕ್ಕೆ ಹತ್ತೊಂಬತ್ತು.
ಐವತ್ತರ ಗುಳಿಗೆ ಎಪ್ಪತ್ತೈದಾಯಿತು.
ಮತ್ತೆರಡು ತಿಂಗಳಿಗೆ ಮೂರು ಪಾಯಿಂಟ್ ಒಂದು, ಬಾಣ ಇರಲಿಲ್ಲ.
"ನಾರ್ಮಲ್" ಅಂದ ಲ್ಯಾಬಿನ ಹುಡುಗ,
ಪಾಸಾದ ಮಗುವಿಗೆ ಹೇಳುವ ಹಾಗೆ.
ಆ ಸಂಜೆಯೂ ನಾಯಂಡಹಳ್ಳಿ ದಾಟುವಷ್ಟರಲ್ಲಿ
ಕಂಬಿಗೆ ಒರಗಿ ಕಣ್ಣು ಮುಚ್ಚಿದ್ದೆ.
ಹಾಳೆ ಮೊದಲು ತಲುಪುತ್ತದೆ;
ಮೈ, ಹಿಂದಿನ ಬಸ್ಸಿನಲ್ಲಿ ಬರುತ್ತದೆ.

ಅಮ್ಮ ಕಾಮಾಕ್ಷಿಪಾಳ್ಯದಲ್ಲಿ ಊದುಬತ್ತಿ ಹೊಸೆಯುತ್ತಿದ್ದಳು.
ಒಂದು ಕಾಲಕ್ಕೆ ದಿನಕ್ಕೆ ನಾಲ್ಕು ಸಾವಿರ ಕಡ್ಡಿ,
ಆಮೇಲೆ ಎರಡು,
ಆಮೇಲೆ ಮಣೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದಳು
ಕೈತುಂಬ ಮಸಿ, ಊದಿದ ಮುಖ,
ಯುಗಾದಿ ಬಿಸಿಲಲ್ಲೂ ಕಂಬಳಿ.
ಅಪ್ಪ ಎಮ್ಮೆ ಅನ್ನುತ್ತಿದ್ದ.
ಅವಳ ಧ್ವನಿ ಗಂಡಸಿನಂತೆ ದಪ್ಪಗಾದಾಗ
ಅಣಕಿಸಿ ಎಲ್ಲರನ್ನೂ ನಗಿಸಿದವಳು ನಾನು.
ನನ್ನ ಫೈಲಿನಲ್ಲಿ ಮೂರು ಹಾಳೆ ಇವೆ.
ಅವಳದು ಎಷ್ಟಿತ್ತೋ. ನೂರೋ, ನೂರೈವತ್ತೋ.
ಅಷ್ಟು ಜೋರಾಗಿ ಸೀಟಿ ಊದುತ್ತಿತ್ತು ಆ ಒಂದೇ ಕೋಣೆಯ ಮನೆಯಲ್ಲಿ,
ಒಬ್ಬರಿಗೂ ಕೇಳಲಿಲ್ಲ.

ನಾಲ್ಕೂ ಐವತ್ತು. ಕಾಫಿ ಆಯಿತು.
ಮೈಲಾರಪ್ಪ ಕನ್ನಡಿಯಲ್ಲಿ ಹುಬ್ಬು ಹಾರಿಸುತ್ತಾನೆ.
ಮೊದಲ ಟ್ರಿಪ್ಪಿಗೆ ಹೂವಿನ ಮೂಟೆಗಳು,
ಆಫೀಸು ಗುಡಿಸಲು ಹೊರಟ ನಾಲ್ಕೈದು ಹೆಂಗಸರು.
ಒಬ್ಬಳು ಸೆರಗನ್ನು ಕಿವಿಯವರೆಗೆ ಸುತ್ತಿ
ಈ ಸೆಕೆಯಲ್ಲಿ ಕಿಟಕಿ ಎಳೆದು ಮುಚ್ಚುತ್ತಾಳೆ.
"ಚಳಿನಾ ಅಕ್ಕಾ?"
"ಹೂಂ, ಯಾಕೋ ಈಚೆಗೆ."
ಅವಳ ದನಿ ಒದ್ದೆ ಗೋಣಿ.
ಟಿಕೆಟ್ ಹರಿದು ಕೊಡುತ್ತಾ ಕೇಳುತ್ತೇನೆ:
"ನಾಳೆನೂ ಇದೇ ಬಸ್ಸಾ?"